ಚೀಟಿಯಲ್ಲಿಲ್ಲದ ಮಾತ್ರೆಗಳು: ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಡುವೆ ಪೋಷಕ ಪೂರಕಗಳ ಲೆಕ್ಕಾಚಾರ

ಸ್ತನ ಕ್ಯಾನ್ಸರ್ ಎಂದು ಖಚಿತವಾದ ಕೆಲವೇ ದಿನಗಳಲ್ಲಿ ಮನೆಯಲ್ಲಿ ಎರಡು ಬಗೆಯ ಮಾತ್ರೆಗಳು ಸೇರಿಕೊಳ್ಳುತ್ತವೆ. ಒಂದು, ವೈದ್ಯರು ಚೀಟಿಯಲ್ಲಿ ಬರೆದದ್ದು. ಇನ್ನೊಂದು, ಯಾರೂ ಬರೆಯದದ್ದು: ನೆಂಟರು ತಂದುಕೊಟ್ಟ ಪ್ರೋಟೀನ್ ಪುಡಿ, ಗೆಳತಿ ಹೇಳಿದ ಅರಿಶಿನದ ಕ್ಯಾಪ್ಸೂಲ್, ಉದುರುವ ಕೂದಲಿಗೆ ಬಯೋಟಿನ್, ಸುಸ್ತಿಗೆ ಬಿ-ಕಾಂಪ್ಲೆಕ್ಸ್, ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ವಿಟಮಿನ್ ಸಿ. ಮೊದಲನೆಯದರಲ್ಲಿ ಪ್ರತಿ ಮಿಲಿಗ್ರಾಮಿಗೂ ಲೆಕ್ಕವಿದೆ. ಎರಡನೆಯದರ ಬಗ್ಗೆ ವೈದ್ಯರು ಕೇಳುವುದು ಕಡಿಮೆ, ರೋಗಿ ಹೇಳುವುದು ಇನ್ನೂ ಕಡಿಮೆ. ಅದು ಔಷಧಿಯಲ್ಲವಲ್ಲ ಎಂಬುದು ಇಬ್ಬರ ಸಮಾಧಾನ.

ತೊಡಕಿರುವುದು ಅಲ್ಲಿಯೇ. ಅಡುಗೆಮನೆಯಲ್ಲಿ ಚಿಟಿಕೆಯಷ್ಟಿದ್ದಾಗ ಆಹಾರವಾಗಿದ್ದ ವಸ್ತು ಕ್ಯಾಪ್ಸೂಲಿನೊಳಗೆ ಗ್ರಾಮುಗಟ್ಟಲೆ ತುಂಬಿಕೊಂಡಾಗ ಆಹಾರವಾಗಿ ಉಳಿಯುವುದಿಲ್ಲ. ಅದೇ ಯಕೃತ್ತಿನ ಮೂಲಕ, ಅದೇ ಕಿಣ್ವಗಳ ಮೂಲಕ, ಕ್ಯಾನ್ಸರ್ ಔಷಧಿಯ ಜೊತೆಯಲ್ಲೇ ಸಾಗುತ್ತದೆ. ಆದ್ದರಿಂದ 'ಸಪ್ಲಿಮೆಂಟ್ ಒಳ್ಳೆಯದೋ ಕೆಟ್ಟದ್ದೋ' ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಯಾವ ಕೊರತೆಗೆ, ಎಷ್ಟು ಪ್ರಮಾಣದಲ್ಲಿ, ಚಿಕಿತ್ಸೆಯ ಯಾವ ಹಂತದಲ್ಲಿ ಎಂಬ ಮೂರನ್ನೂ ಒಟ್ಟಿಗೆ ಕೇಳಬೇಕು. ಒಂದೇ ಮಾತ್ರೆ ಹಾರ್ಮೋನ್ ಚಿಕಿತ್ಸೆಯ ಕಾಲದಲ್ಲಿ ಅಗತ್ಯವಾಗಿರಬಹುದು, ಶಸ್ತ್ರಚಿಕಿತ್ಸೆಯ ಹಿಂದಿನ ವಾರ ಅಪಾಯವಾಗಿರಬಹುದು.

ಆಂಟಿಆಕ್ಸಿಡೆಂಟ್‌ಗಳ ಗೊಂದಲ

ಹೆಚ್ಚು ಮಾರಾಟವಾಗುವುದೂ ಹೆಚ್ಚು ಗೊಂದಲ ಹುಟ್ಟಿಸುವುದೂ ಇದೇ ಗುಂಪು: ವಿಟಮಿನ್ ಎ, ಸಿ, ಇ, ಬೀಟಾ-ಕ್ಯಾರೊಟಿನ್, ಸೆಲೆನಿಯಂ, ಕೋಎನ್‌ಜೈಮ್ ಕ್ಯೂ10. ಫ್ರೀ ರ್‍ಯಾಡಿಕಲ್‌ಗಳು ಎಂಬ ಚುರುಕು ಕಣಗಳು ಜೀವಕೋಶಗಳನ್ನು ಹಾಳುಮಾಡುತ್ತವೆ, ಆಂಟಿಆಕ್ಸಿಡೆಂಟ್‌ಗಳು ಅವನ್ನು ತಣಿಸುತ್ತವೆ ಎಂಬ ಪಾಠ ಸುಳ್ಳಲ್ಲ. ಆದರೆ ರೇಡಿಯೇಶನ್ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಬಹುಮಟ್ಟಿಗೆ ಫ್ರೀ ರ್‍ಯಾಡಿಕಲ್‌ಗಳ ಮೂಲಕವೇ. ಕಿರಣ ಕೋಶದೊಳಗಿನ ನೀರಿನ ಕಣವನ್ನು ಒಡೆಯುತ್ತದೆ, ಅದರಿಂದ ಹುಟ್ಟಿದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಡಿಎನ್‌ಎ ಎಳೆಯನ್ನು ಕತ್ತರಿಸುತ್ತದೆ. ಎಕ್ಸ್-ಕಿರಣದಿಂದ ಆಗುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ಆಗುವಂಥದ್ದು. ಕೆಂಪು ಬಣ್ಣದ ಕೀಮೋ ಎಂದು ರೋಗಿಗಳು ಗುರುತಿಸುವ ಡಾಕ್ಸೊರುಬಿಸಿನ್ ಕೂಡ ಭಾಗಶಃ ಇದೇ ದಾರಿಯಲ್ಲಿ ಕೆಲಸ ಮಾಡುತ್ತದೆ. ಆ ಹೊತ್ತಿನಲ್ಲಿ ರ್‍ಯಾಡಿಕಲ್‌ಗಳನ್ನು ತಣಿಸುವ ವಸ್ತುವನ್ನು ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಬಹುದು. ರಕ್ಷಣೆ ಸಿಗುವುದು ಆರೋಗ್ಯವಂತ ಕೋಶಕ್ಕೆ ಮಾತ್ರ ಎಂದು ಭರವಸೆ ಕೊಡುವ ಮಾತ್ರೆ ಯಾವುದೂ ಇಲ್ಲ.

ಇದು ಬರೀ ತರ್ಕವಲ್ಲ. ಸ್ವಾಗ್ ಎಂಬ ಅಮೆರಿಕದ ಕ್ಯಾನ್ಸರ್ ಸಂಶೋಧನಾ ಜಾಲ ನಡೆಸಿದ ಎಸ್0221 ಎಂಬ ಕೀಮೋ ಪ್ರಯೋಗದಲ್ಲಿ ಪಾಲ್ಗೊಂಡಿದ್ದ 1,134 ಸ್ತನ ಕ್ಯಾನ್ಸರ್ ರೋಗಿಗಳನ್ನು, ಚಿಕಿತ್ಸೆಗೆ ಮೊದಲು ಮತ್ತು ಚಿಕಿತ್ಸೆಯ ನಡುವೆ ಏನೇನು ಪೂರಕ ತೆಗೆದುಕೊಂಡಿರಿ ಎಂದು ಕೇಳಲಾಗಿತ್ತು. ಎರಡೂ ಅವಧಿಯಲ್ಲಿ ಆಂಟಿಆಕ್ಸಿಡೆಂಟ್ ಸೇವಿಸಿದವರಲ್ಲಿ ರೋಗ ಮರುಕಳಿಸುವ ಅಪಾಯ 41 ಶೇಕಡಾ ಹೆಚ್ಚಿತ್ತು. ಆದರೆ ಹಾಗೆ ಸೇವಿಸಿದವರ ಸಂಖ್ಯೆ ಚಿಕ್ಕದು, ಅಂಕಿ-ಅಂಶದ ಕಟ್ಟುನಿಟ್ಟಿನಲ್ಲಿ ಈ ಫಲಿತಾಂಶ ಗಡಿಯಂಚಿನದು. ಇನ್ನೂ ಸ್ಪಷ್ಟವಾಗಿ ಕಂಡದ್ದು ಯಾರೂ ಸಂಶಯಪಡದ ಬಿ12 ಮತ್ತು ಕಬ್ಬಿಣದಲ್ಲಿ. ಎರಡೂ ಅವಧಿಯಲ್ಲಿ ಬಿ12 ತೆಗೆದುಕೊಂಡವರಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು. ಕೀಮೋ ನಡುವೆ ಕಬ್ಬಿಣದ ಮಾತ್ರೆ ತೆಗೆದುಕೊಂಡವರಲ್ಲಿ ಮರುಕಳಿಸುವ ಅಪಾಯ 79 ಶೇಕಡಾ ಹೆಚ್ಚು. ಸಾಧಾರಣ ಮಲ್ಟಿವಿಟಮಿನ್‌ನಿಂದ ಒಳಿತೂ ಕಾಣಲಿಲ್ಲ, ಕೆಡುಕೂ ಕಾಣಲಿಲ್ಲ.

ಈ ಅಂಕಿಗಳನ್ನು ಓದಿ ಬೆಚ್ಚಿಬೀಳುವ ಮೊದಲು ಒಂದು ಮಾತು. ಇದು ವೀಕ್ಷಣೆಯ ಅಧ್ಯಯನ. ಮಾತ್ರೆ ಕೊಟ್ಟು, ಕೊಡದೆ ಹೋಲಿಸಿದ್ದಲ್ಲ. ಹೆಚ್ಚು ಬಳಲಿದವರೇ, ರಕ್ತ ಕಡಿಮೆಯಾದವರೇ ಕಬ್ಬಿಣ, ಬಿ12 ತೆಗೆದುಕೊಂಡಿರಬಹುದು. ಹಾಗಾಗಿ ಬಿ12 ಕ್ಯಾನ್ಸರನ್ನು ಬೆಳೆಸುತ್ತದೆ ಎಂದು ಇದು ಸಾಬೀತುಪಡಿಸುವುದಿಲ್ಲ. ಕೊರತೆ ಇದೆಯೋ ಇಲ್ಲವೋ ನೋಡದೆ 'ಇರಲಿ' ಎಂದು ನುಂಗುವ ಅಭ್ಯಾಸಕ್ಕೆ ಆಧಾರವಿಲ್ಲ, ಅಪಾಯದ ಸುಳಿವಿದೆ ಎನ್ನುವಷ್ಟನ್ನು ಹೇಳುತ್ತದೆ. ರಕ್ತಪರೀಕ್ಷೆಯಲ್ಲಿ ಬಿ12 ನಿಜಕ್ಕೂ ಕಡಿಮೆ ಬಂದರೆ ಚಿಕಿತ್ಸೆ ಕೊಡಲೇಬೇಕು. ಪ್ರಾಣಿಜನ್ಯ ಆಹಾರವನ್ನು ಪೂರ್ತಿ ಬಿಟ್ಟವರು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿರುವವರು ಕೀಮೋ ಶುರುವಾಗುವ ಮೊದಲೇ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಬಿ12 ಕೊರತೆಯಿಂದ ಬರುವ ಕಾಲು ಜೋಮು ಮತ್ತು ಕೀಮೋದಿಂದ ಬರುವ ಜೋಮು ಒಂದರಂತೆ ಒಂದಿರುತ್ತವೆ. ಎರಡೂ ಬೆರೆತ ಮೇಲೆ ಬಿಡಿಸಿ ನೋಡುವುದು ಕಷ್ಟ.

ಕಬ್ಬಿಣದ ವಿಷಯದಲ್ಲಿ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ. ಕೀಮೋ ನಡುವೆ ಹಿಮೋಗ್ಲೋಬಿನ್ ಇಳಿಯುವುದು ಹೆಚ್ಚಾಗಿ ಮೂಳೆ ಮಜ್ಜೆಯ ಉತ್ಪಾದನೆ ಕುಗ್ಗಿದ್ದರಿಂದ. ಕಾರ್ಖಾನೆಯೇ ನಿಧಾನವಾಗಿರುವಾಗ ಕಚ್ಚಾವಸ್ತು ಸುರಿದರೆ ಉತ್ಪಾದನೆ ಏರುವುದಿಲ್ಲ. ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣ ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎರಡನ್ನೂ ನೋಡಬೇಕು. ಫೆರಿಟಿನ್ ಉರಿಯೂತದಲ್ಲಿ ತಾನಾಗಿಯೇ ಏರುವುದರಿಂದ, ಆರೋಗ್ಯವಂತರಲ್ಲಿ ಸಮಾಧಾನಕರವೆನಿಸುವ ಸಂಖ್ಯೆ ಕ್ಯಾನ್ಸರ್ ರೋಗಿಯಲ್ಲಿ ಮೋಸ ಮಾಡಬಹುದು. ಅದಕ್ಕೇ ಕ್ಯಾನ್ಸರ್ ಮಾರ್ಗಸೂಚಿಗಳಲ್ಲಿ 100 ನ್ಯಾನೊಗ್ರಾಂಗಿಂತ ಕಡಿಮೆ ಫೆರಿಟಿನ್ ಅನ್ನು ಕೊರತೆ ಎಂದು ಎಣಿಸುವುದು. ಕೊರತೆ ಖಚಿತವಾದರೂ ಮಾತ್ರೆಯ ಬದಲು ರಕ್ತನಾಳದ ಮೂಲಕ ಕಬ್ಬಿಣ ಕೊಡುವುದು ಎಷ್ಟೋ ಸಲ ಸರಿಯಾದ ಆಯ್ಕೆ. ವಾಂತಿ ತಡೆಗೆ ಕೊಡುವ ಒಂಡ್ಯಾನ್ಸೆಟ್ರಾನ್ ಮೊದಲೇ ಮಲಬದ್ಧತೆ ತಂದಿರುತ್ತದೆ, ಮೇಲೆ ಕಬ್ಬಿಣದ ಮಾತ್ರೆ ಬಿದ್ದರೆ ಪಾಡು ಹೇಳತೀರದು.

ಜೋಮಿಗೆ ಕೊಟ್ಟ ಮದ್ದೇ ಜೋಮು ಹೆಚ್ಚಿಸಿದಾಗ

ಟ್ಯಾಕ್ಸೇನ್ ಗುಂಪಿನ ಕೀಮೋ ಔಷಧಿಗಳಾದ ಪ್ಯಾಕ್ಲಿಟಾಕ್ಸೆಲ್, ಡೋಸಿಟಾಕ್ಸೆಲ್ ತೆಗೆದುಕೊಂಡವರಿಗೆ ಬೆರಳ ತುದಿ, ಅಂಗಾಲುಗಳಲ್ಲಿ ಜುಮುಗುಟ್ಟುವಿಕೆ, ಉರಿ, ಮರಗಟ್ಟುವಿಕೆ ಸಾಮಾನ್ಯ. ಗುಂಡಿ ಹಾಕಲಾಗದು, ಚಪ್ಪಲಿ ಕಾಲಿನಿಂದ ಜಾರಿದ್ದೇ ತಿಳಿಯದು. ಇದಕ್ಕೆ 'ನರಕ್ಕೆ ಶಕ್ತಿ' ಎಂದು ಮಾತ್ರೆ ಹುಡುಕದವರಿಲ್ಲ. ಆ ಪಟ್ಟಿಯಲ್ಲಿ ಅಸಿಟೈಲ್-ಎಲ್-ಕಾರ್ನಿಟಿನ್ ಬಹುಕಾಲ ಮೇಲಿತ್ತು, ಸಕ್ಕರೆ ಕಾಯಿಲೆಯ ನರನೋವಿನಲ್ಲಿ ಅದರ ಬಗ್ಗೆ ಆಸೆ ಹುಟ್ಟಿಸಿದ ಫಲಿತಾಂಶಗಳಿದ್ದವು. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ತನ ಕ್ಯಾನ್ಸರಿಗೆ ಟ್ಯಾಕ್ಸೇನ್ ಕೀಮೋ ಪಡೆಯುತ್ತಿದ್ದ 409 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 3,000 ಮಿಲಿಗ್ರಾಂ ಕಾರ್ನಿಟಿನ್, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. 12 ವಾರಕ್ಕೆ ವ್ಯತ್ಯಾಸವಿರಲಿಲ್ಲ. 24 ವಾರಕ್ಕೆ ಕಾರ್ನಿಟಿನ್ ನುಂಗಿದವರ ಜೋಮು ಹೆಚ್ಚಾಗಿತ್ತು. ಎರಡು ವರ್ಷದ ನಂತರ ನೋಡಿದಾಗಲೂ ಆ ವ್ಯತ್ಯಾಸ ಅಳಿದಿರಲಿಲ್ಲ. ಸಪ್ಲಿಮೆಂಟ್ 'ಉಪಯೋಗವಾಗದಿದ್ದರೂ ತೊಂದರೆಯಿಲ್ಲ' ಎನ್ನುವವರಿಗೆ ತೋರಿಸಬೇಕಾದ ಪ್ರಯೋಗ ಇದು. ಇಲ್ಲಿ ಮಾತ್ರೆ ಕೊಟ್ಟು, ಕೊಡದೆ ಹೋಲಿಸಿಯೇ ನೋಡಿದ್ದಾರೆ, ಸಂಶಯಕ್ಕೆ ಎಡೆ ಕಡಿಮೆ.

ಬಿ6 ಇನ್ನೊಂದು. ಕಡಿಮೆಯಾದರೂ ನರ ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾಗುವುದು 2 ಮಿಲಿಗ್ರಾಮಿನೊಳಗೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಗರಿಷ್ಠ ಮಿತಿಯನ್ನು 12 ಮಿಲಿಗ್ರಾಮಿಗೆ ಇಳಿಸಿತು. ಅಮೆರಿಕದ ಮಿತಿ ಇನ್ನೂ 100. ಆದರೆ 'ನ್ಯೂರೋ' ಎಂಬ ಪದ ಹೆಸರಲ್ಲಿ ಅಂಟಿಸಿಕೊಂಡ ಎಷ್ಟೋ ಮಾತ್ರೆಗಳಲ್ಲಿ ಒಂದರಲ್ಲೇ 50ರಿಂದ 100 ಮಿಲಿಗ್ರಾಂ ಇರುತ್ತದೆ. ದಿನಕ್ಕೆ ಎರಡರಂತೆ ತಿಂಗಳುಗಟ್ಟಲೆ ನುಂಗಿದರೆ ಜೋಮು ಕೀಮೋದ್ದೋ ಮಾತ್ರೆಯದ್ದೋ ಹೇಳಲಾಗದು. ಕೀಮೋ ಮಾತ್ರೆ ಕೆಪೆಸಿಟಬಿನ್‌ನಿಂದ ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದಕ್ಕೂ ಬಿ6 ಕೊಡುವ ರೂಢಿ ಇತ್ತು. ಹುಸಿಮಾತ್ರೆಯೊಂದಿಗೆ ಹೋಲಿಸಿದ ಪ್ರಯೋಗಗಳಲ್ಲಿ ಅದರಿಂದ ತಡೆ ಸಿಗಲಿಲ್ಲ.

ಹಾಗಾದರೆ ಜೋಮಿಗೆ ಏನು? ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸೊಸೈಟಿಯ 2020ರ ಮಾರ್ಗಸೂಚಿ, ಬರದಂತೆ ತಡೆಯಲು ಯಾವ ಮಾತ್ರೆಯನ್ನೂ ಶಿಫಾರಸು ಮಾಡಲಿಲ್ಲ. ಬಂದ ನೋವಿಗೆ ಡ್ಯುಲೊಕ್ಸೆಟಿನ್ ಒಂದನ್ನೇ ಹೇಳಿತು, ಅದು ಪೂರಕವಲ್ಲ, ಔಷಧಿ. ಹಾರ್ಮೋನ್ ಚಿಕಿತ್ಸೆಯ ಮಾತ್ರೆ ಟ್ಯಾಮಾಕ್ಸಿಫೆನ್ ಜೊತೆಗೆ ಅದಕ್ಕೂ ತಕರಾರಿದೆ, ವೈದ್ಯರೇ ನಿರ್ಧರಿಸಬೇಕು. ಎಲ್ಲಕ್ಕಿಂತ ಮುಖ್ಯ, ಜೋಮು ಶುರುವಾದ ದಿನವೇ ಕೀಮೋ ಕೊಡುವವರಿಗೆ ಹೇಳುವುದು. ಪ್ರಮಾಣ ಇಳಿಸುವುದು, ಅಂತರ ಹೆಚ್ಚಿಸುವುದು, ಔಷಧಿ ಬದಲಿಸುವುದು ಆಗ ಮಾತ್ರ ಸಾಧ್ಯ. ಅಂಗಡಿಯಿಂದ ಮಾತ್ರೆ ತಂದು ಕೀಮೋದ ಎರಡು ಸುತ್ತು ಕಾದು ನೋಡುವುದರೊಳಗೆ ಆ ಅವಕಾಶ ಕಳೆದುಹೋಗಿರುತ್ತದೆ.

ಮೂಳೆ: ಪೂರಕಕ್ಕೆ ನಿಜವಾದ ಕೆಲಸವಿರುವ ಜಾಗ

ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಎಂಬ ಹಾರ್ಮೋನ್ ಚಿಕಿತ್ಸೆಯ ಈ ಮೂರೂ ಅರೊಮಟೇಸ್ ತಡೆ ಮಾತ್ರೆಗಳು ದೇಹದ ಈಸ್ಟ್ರೋಜನ್ ಉತ್ಪಾದನೆಯನ್ನು ತಳಮಟ್ಟಕ್ಕೆ ಇಳಿಸುತ್ತವೆ. ಮೂಳೆಯನ್ನು ಕಾಯುತ್ತಿದ್ದ ಹಾರ್ಮೋನ್ ಹೋದ ಮೇಲೆ ಸವೆತ ವೇಗವಾಗುತ್ತದೆ. ಈ ಮಾತ್ರೆಗಳನ್ನು ಐದು ವರ್ಷ, ಕೆಲವರು ಇನ್ನೂ ಹೆಚ್ಚು ಕಾಲ ನುಂಗಬೇಕು. ಕೀಮೋದಿಂದಾಗಿ ವಯಸ್ಸಿಗೆ ಮೊದಲೇ ಮುಟ್ಟು ನಿಂತವರ ಪಾಡೂ ಇದೇ. ಇಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಚಿಕಿತ್ಸೆಯ ಭಾಗ. ಅದರಲ್ಲೂ ಲೆಕ್ಕ ತಪ್ಪುವವರೇ ಹೆಚ್ಚು.

ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1,000ದಿಂದ 1,200 ಮಿಲಿಗ್ರಾಂ. ಇದು ಆಹಾರವೂ ಸೇರಿದ ಮೊತ್ತ, ಮಾತ್ರೆಯೊಂದರದ್ದೇ ಅಲ್ಲ. ಒಂದು ಲೋಟ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಇರುತ್ತದೆ. ಊಟದಿಂದಲೇ 700 ಸಿಗುತ್ತಿದ್ದರೆ ಮಾತ್ರೆಯಿಂದ 500 ಸಾಕು. ಹೆಚ್ಚಾದದ್ದು ಮೂಳೆಗೆ ಹೋಗುವುದಿಲ್ಲ, ಮಲಬದ್ಧತೆಗೆ, ಮೂತ್ರಪಿಂಡದ ಕಲ್ಲಿಗೆ ದಾರಿಯಾಗುತ್ತದೆ. ಡಬ್ಬಿಯ ಮೇಲಿನ ಅಂಕಿಯನ್ನು ಓದುವಾಗಲೂ ಎಚ್ಚರ ಬೇಕು. 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ, ಅಂದರೆ 40 ಶೇಕಡಾ. ಸಿಟ್ರೇಟ್ ಆದರೆ 21 ಶೇಕಡಾ. ಕರುಳು ಒಂದು ಸಲಕ್ಕೆ ಚೆನ್ನಾಗಿ ಹೀರಿಕೊಳ್ಳುವುದು 500 ಮಿಲಿಗ್ರಾಂವರೆಗೆ. ಹೆಚ್ಚು ಬೇಕಿದ್ದರೆ ಎರಡು ಹೊತ್ತಿಗೆ ಹಂಚಬೇಕು. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಆದ್ದರಿಂದ ಊಟದ ಜೊತೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತೆಗೆದುಕೊಳ್ಳುವವರಿಗೆ ಸಿಟ್ರೇಟ್ ವಾಸಿ, ಅದಕ್ಕೆ ಹೊತ್ತಿನ ಕಟ್ಟುಪಾಡಿಲ್ಲ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಮಿಗೂ ನಾಲ್ಕು ಗಂಟೆ ಅಂತರ ಬೇಕು. ಇದನ್ನು ಪಾಲಿಸದೆ ಬೆಳಿಗ್ಗೆ ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿ, ಆಮೇಲೆ ಟಿಎಸ್‌ಎಚ್ ಏರಿದೆ ಎಂದು ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಿಸಿಕೊಳ್ಳುವವರಿದ್ದಾರೆ.

ವಿಟಮಿನ್ ಡಿಗೆ ರಕ್ತಪರೀಕ್ಷೆಯೇ ಆಧಾರ. 25-ಹೈಡ್ರಾಕ್ಸಿ ವಿಟಮಿನ್ ಡಿ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಝೊಲೆಡ್ರೊನಿಕ್ ಆಮ್ಲ ಅಥವಾ ಡೆನೊಸುಮಾಬ್ ಚುಚ್ಚುಮದ್ದು ಕೊಡುವ ಮೊದಲು ಈ ಕೊರತೆಯನ್ನು ತುಂಬಲೇಬೇಕು. ಇವು ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವುದನ್ನು ತಡೆಯುವುದರಿಂದ, ಮೀಸಲು ಇಲ್ಲದ ದೇಹದಲ್ಲಿ ರಕ್ತದ ಕ್ಯಾಲ್ಸಿಯಂ ದಿಢೀರನೆ ಕುಸಿದು ಬಾಯಿಸುತ್ತ ಜುಮುಗುಟ್ಟುವಿಕೆ, ಸ್ನಾಯು ಸೆಡೆತ ಬರಬಹುದು.

ಪ್ರಮಾಣ ಮಿತಿಮೀರುವ ತಪ್ಪು ಆಗುವುದು ಕೂಡುವ ಲೆಕ್ಕದಲ್ಲಿ. ಮಲ್ಟಿವಿಟಮಿನ್‌ನಲ್ಲಿ 1,000 ಐಯು (ವಿಟಮಿನ್ ಡಿ ಅಳೆಯುವ ಏಕಮಾನ), ಕ್ಯಾಲ್ಸಿಯಂ ಮಾತ್ರೆಯಲ್ಲಿ 500ರಂತೆ ಎರಡು ಹೊತ್ತು, ಪ್ರೋಟೀನ್ ಪುಡಿಯಲ್ಲಿ 400, ಮೇಲೆ ಬೇರೆಯಾಗಿ 2,000ದ ಹನಿ. ಕೂಡಿದರೆ 4,400. ಒಬ್ಬೊಬ್ಬರು ಕೊಟ್ಟದ್ದು ಒಂದೊಂದೇ ಆದರೂ ಮೊತ್ತ ದಿನದ ಗರಿಷ್ಠ ಮಿತಿಯಾದ 4,000 ದಾಟಿತು. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ದೊಡ್ಡ ಪ್ರಮಾಣದ ಕ್ಯಾಪ್ಸೂಲನ್ನು ದಿನಾ ನುಂಗಿಬಿಟ್ಟರಂತೂ ಮಾತೇ ಬೇಡ. ಕ್ಯಾನ್ಸರ್ ಮೂಳೆಗೆ ಹರಡಿದವರಲ್ಲಿ ರಕ್ತದ ಕ್ಯಾಲ್ಸಿಯಂ ಮೊದಲೇ ಏರಿರುವ ಸಾಧ್ಯತೆ ಇರುವುದರಿಂದ ಪರೀಕ್ಷೆ ಇಲ್ಲದೆ ಈ ಎರಡನ್ನೂ ಮುಟ್ಟಬಾರದು. ವಿಪರೀತ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ, ಮಲಬದ್ಧತೆ, ಮಂಕು ಇವು ಕ್ಯಾಲ್ಸಿಯಂ ಏರಿದ ಲಕ್ಷಣ. ಅವನ್ನು 'ಕೀಮೋದ ಸುಸ್ತು' ಎಂದು ತಳ್ಳಿಹಾಕುವುದು ಸುಲಭ, ಅದೇ ಅಪಾಯ.

ಪ್ರೋಟೀನ್ ಪುಡಿ ಯಾರಿಗೆ?

ಸ್ತನ ಕ್ಯಾನ್ಸರಿನಲ್ಲಿ ಜನ ನಿರೀಕ್ಷಿಸದ ಒಂದು ಸಂಗತಿಯಿದೆ. ಹೊಟ್ಟೆ, ಅನ್ನನಾಳದ ಕ್ಯಾನ್ಸರುಗಳಲ್ಲಿ ತೂಕ ಇಳಿಯುತ್ತದೆ, ಇಲ್ಲಿ ಎಷ್ಟೋ ಮಹಿಳೆಯರ ತೂಕ ಚಿಕಿತ್ಸೆಯ ನಡುವೆ ಏರುತ್ತದೆ. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್, ಮುಟ್ಟು ನಿಲ್ಲುವುದು, ಓಡಾಟ ಕಡಿಮೆಯಾಗುವುದು ಎಲ್ಲ ಸೇರಿ ಕೊಬ್ಬು ಹೆಚ್ಚುತ್ತದೆ, ಸ್ನಾಯು ಕರಗುತ್ತದೆ. ತಕ್ಕಡಿ ಏರಿದ್ದನ್ನು ತೋರಿಸುತ್ತದೆಯೇ ಹೊರತು ಏನು ಏರಿತು ಎಂದು ಹೇಳುವುದಿಲ್ಲ. ಇಂಥವರಿಗೆ 'ಶಕ್ತಿ ಬರಲಿ' ಎಂದು ಸಕ್ಕರೆ ತುಂಬಿದ ಪೋಷಕ ಪಾನೀಯ ಕುಡಿಸಿದರೆ ಬೇಡದ್ದೇ ಹೆಚ್ಚುತ್ತದೆ. ಅಲ್ಪೆಲಿಸಿಬ್‌ನಂತಹ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಔಷಧಿಯಿಂದಲೇ ಏರುತ್ತಿರುತ್ತದೆ.

ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ ಹೇಳುವ ಅಳತೆ ಇದು: ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 1 ಗ್ರಾಂ, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್. ಶಕ್ತಿಯ ಲೆಕ್ಕದಲ್ಲಿ ಪ್ರತಿ ಕಿಲೋಗೆ 25ರಿಂದ 30 ಕ್ಯಾಲೊರಿ. 60 ಕಿಲೋ ತೂಕದವರಿಗೆ 60ರಿಂದ 90 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 8, ಒಂದು ಬಟ್ಟಲು ಗಟ್ಟಿಯಾಗಿ ಬೇಯಿಸಿದ ಬೇಳೆಯಲ್ಲಿ 15ರ ಆಸುಪಾಸು. ಮೂರು ಹೊತ್ತೂ ಉಣ್ಣಲು ಸಾಧ್ಯವಿರುವವರಿಗೆ ಪುಡಿ ಬೇಕಾಗಿಲ್ಲ. ಬೇಕಾಗುವುದು, ಒಂದು ವಾರಕ್ಕಿಂತ ಹೆಚ್ಚು ಕಾಲ ಅರ್ಧದಷ್ಟೂ ಉಣ್ಣಲಾಗದಿದ್ದಾಗ, ಬಾಯಿಹುಣ್ಣಿನಿಂದ ಜಗಿಯಲಾಗದಿದ್ದಾಗ, ಬಯಸದೆ ತೂಕ ಇಳಿಯುತ್ತಿರುವಾಗ.

ಕೊಳ್ಳುವಾಗ ಡಬ್ಬಿಯ ಮುಖಚಿತ್ರ ಬಿಟ್ಟು ಹಿಂಬದಿಯ ಕೋಷ್ಟಕ ನೋಡಬೇಕು. ವೇ ಪ್ರೋಟೀನ್ ಆದರೆ ಒಂದು ಅಳತೆ ಚಮಚದಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. 'ಸಂಪೂರ್ಣ ಪೋಷಣೆ' ಎಂದು ಬರೆದುಕೊಂಡ ಕೆಲವು ಪುಡಿಗಳಲ್ಲಿ ಅಷ್ಟೇ ಅಳತೆಗೆ ಐದಾರು ಗ್ರಾಂ, ಉಳಿದದ್ದು ಬಹುತೇಕ ಸಕ್ಕರೆ ಮತ್ತು ಪಿಷ್ಟ. ಎಷ್ಟು ಗ್ರಾಮಿಗೆ ಎಷ್ಟು ಎಂದು ಭಾಗಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ. ಬಾಯಿಹುಣ್ಣಿದ್ದರೆ ತಣ್ಣಗೆ, ಗುಟುಕು ಗುಟುಕಾಗಿ. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಆಗಲೇ ಕುಡಿಯಬೇಕು, ಬೆಳಿಗ್ಗೆ ಕಲಸಿದ್ದನ್ನು ಸಂಜೆಯವರೆಗೆ ಇಟ್ಟುಕೊಳ್ಳಬಾರದು. ಮೂತ್ರಪಿಂಡದ ತೊಂದರೆ ಇರುವವರು ಕ್ರಿಯಾಟಿನಿನ್ ಪರೀಕ್ಷೆಯ ವರದಿ ತೋರಿಸದೆ ಪುಡಿ ಶುರುಮಾಡಬಾರದು.

ಸೋಯಾ ಬಗ್ಗೆ ಭಯ ಹಳೆಯದು. ಅದರ ಐಸೊಫ್ಲೇವೋನ್‌ಗಳು ಈಸ್ಟ್ರೋಜನ್ನನ್ನು ಹೋಲುತ್ತವೆ ಎಂಬುದೇ ಕಾರಣ. ಆದರೆ ಶಾಂಘೈನಲ್ಲಿ 5,042 ಸ್ತನ ಕ್ಯಾನ್ಸರ್ ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರವಾಗಿ ಸೋಯಾ ಹೆಚ್ಚು ತಿಂದವರಲ್ಲಿ ಮರುಕಳಿಕೆಯೂ ಸಾವೂ ಕಡಿಮೆಯೇ ಇದ್ದವು. ಊಟದಲ್ಲಿ ಸೋಯಾ ಇದ್ದರೆ ಬಿಡಬೇಕಾಗಿಲ್ಲ. ಐಸೊಫ್ಲೇವೋನ್ ಸಾಂದ್ರೀಕರಿಸಿದ ಕ್ಯಾಪ್ಸೂಲ್ ಬೇರೆ ಸರಕು, ಅದಕ್ಕೆ ಈ ಭರವಸೆ ಅನ್ವಯಿಸದು.

ಕ್ಯಾನ್ಸರ್ ಔಷಧಿಯ ದಾರಿಗೆ ಅಡ್ಡ ಬರುವವು

ಟ್ಯಾಮಾಕ್ಸಿಫೆನ್ ನುಂಗಿದ ರೂಪದಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಯಕೃತ್ತು ಅದನ್ನು ಎಂಡಾಕ್ಸಿಫೆನ್ ಆಗಿ ಪರಿವರ್ತಿಸಬೇಕು. ಆ ಕೆಲಸದ ಮುಖ್ಯ ಕಿಣ್ವ ಸಿವೈಪಿ2ಡಿ6. ನೆದರ್ಲೆಂಡ್ಸಿನಲ್ಲಿ 16 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,200 ಮಿಲಿಗ್ರಾಂ ಕರ್ಕ್ಯುಮಿನ್ ದಿನಕ್ಕೆ ಮೂರು ಸಲ, ಜೊತೆಗೆ ಮೆಣಸಿನ ಪೈಪರೀನ್ ಕೊಟ್ಟಾಗ ರಕ್ತದಲ್ಲಿ ಎಂಡಾಕ್ಸಿಫೆನ್ ಸುಮಾರು 12 ಶೇಕಡಾ ಇಳಿಯಿತು. ಎಂಡಾಕ್ಸಿಫೆನ್ ಸಾಕಾಗುವ ಅಂಚಿನಲ್ಲಿರುವವರಿಗೆ ಇದು ಸಣ್ಣ ಇಳಿಕೆಯಲ್ಲ. ಹಾಗೆಂದು ಸಾರಿಗೆ ಹಾಕುವ ಅರಿಶಿನಕ್ಕೆ ಹೆದರಬೇಕಾಗಿಲ್ಲ. ಒಂದು ಟೀ ಚಮಚ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರು ಮಿಲಿಗ್ರಾಂ ಆಸುಪಾಸು, ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ 3,600. ಮೇಲಾಗಿ ಪೈಪರೀನ್ ಬೆರೆಸಿದ ಅರಿಶಿನದ ಕ್ಯಾಪ್ಸೂಲ್, ಹಸಿರು ಚಹಾದ ಸಾಂದ್ರ ಸಾರ, ಅಶ್ವಗಂಧ ಇವುಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ರೈಬೊಸಿಕ್ಲಿಬ್, ಅಬೆಮಾಸಿಕ್ಲಿಬ್ ಎಂಬ ಕ್ಯಾನ್ಸರ್ ಮಾತ್ರೆಗಳು ಕೂಡ ಯಕೃತ್ತಿನ ಕಿಣ್ವಗಳನ್ನು ಏರಿಸಬಲ್ಲವು. ವರದಿಯಲ್ಲಿ ಕಿಣ್ವ ಏರಿದ್ದು ಕಂಡಾಗ ವೈದ್ಯರು ನಿಲ್ಲಿಸುವುದು ತಮಗೆ ಗೊತ್ತಿರುವ ಕ್ಯಾನ್ಸರ್ ಔಷಧಿಯನ್ನು. ಗೊತ್ತಿಲ್ಲದ ಕ್ಯಾಪ್ಸೂಲ್ ಮನೆಯಲ್ಲಿ ಮುಂದುವರಿಯುತ್ತಿರುತ್ತದೆ.

ತೂಕ ಮತ್ತು ಸಕ್ಕರೆ ಇಳಿಸಲೆಂದು ಈಚೆಗೆ ಹೆಸರು ಮಾಡಿರುವ ಬರ್ಬೆರಿನ್ ಆ 2ಡಿ6 ಕಿಣ್ವವನ್ನೇ ತಡೆಯುತ್ತದೆ. ಮನಸ್ಸಿನ ಕುಗ್ಗುವಿಕೆಗೆ ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇನ್ನೊಂದು ಕಿಣ್ವವನ್ನು, ಸಿವೈಪಿ3ಎ4 ಅನ್ನು ಚುರುಕುಗೊಳಿಸಿ ಪಾಲ್ಬೊಸಿಕ್ಲಿಬ್, ಡೋಸಿಟಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಿಗಳನ್ನು ಬೇಗ ಖಾಲಿ ಮಾಡಿಸುತ್ತದೆ. ಕೆಪೆಸಿಟಬಿನ್ ತೆಗೆದುಕೊಳ್ಳುವವರಿಗೆ ಫೋಲಿಕ್ ಆಮ್ಲ ಸಲ್ಲದು. ಫೋಲೇಟ್ ಆ ಔಷಧಿ ತನ್ನ ಗುರಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವಂತೆ ಮಾಡುವುದರಿಂದ ಭೇದಿ, ಬಾಯಿಹುಣ್ಣು ತೀವ್ರವಾಗುತ್ತವೆ. ಬಿ-ಕಾಂಪ್ಲೆಕ್ಸ್, ಮಲ್ಟಿವಿಟಮಿನ್‌ಗಳಲ್ಲೂ ಫೋಲಿಕ್ ಆಮ್ಲ ಇರುತ್ತದೆಂಬುದು ನೆನಪಿರಲಿ. ಅಬೆಮಾಸಿಕ್ಲಿಬ್‌ನಿಂದ ಭೇದಿ ಆಗುತ್ತಿರುವಾಗ ನಿದ್ರೆಗೆಂದು ಮೆಗ್ನೀಸಿಯಂ ನುಂಗುವುದೂ ಗಾಯದ ಮೇಲೆ ಬರೆ.

ಬಯೋಟಿನ್‌ನದು ಬೇರೆಯೇ ತಂಟೆ. ಅದು ಕೆಡಿಸುವುದು ಪರೀಕ್ಷೆಯ ವರದಿಯನ್ನು. ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ, ಕೂದಲಿನ ಮಾತ್ರೆಗಳಲ್ಲಿ ಇರುವುದು 5,000ದಿಂದ 10,000. ಅನೇಕ ಪ್ರಯೋಗಾಲಯಗಳ ಹಾರ್ಮೋನ್ ಪರೀಕ್ಷೆಗಳು ಬಯೋಟಿನ್ ಅಂಟಿಕೊಳ್ಳುವ ಗುಣವನ್ನೇ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಒಂದು ಬಗೆಯ ಪರೀಕ್ಷೆಯಲ್ಲಿ ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ, ಇನ್ನೊಂದರಲ್ಲಿ ಸುಳ್ಳಾಗಿ ಏರುತ್ತದೆ. ಕೀಮೋ ನಂತರ ಮುಟ್ಟು ನಿಂತ 45ರ ಮಹಿಳೆಗೆ ಲೆಟ್ರೊಜೋಲ್ ಕೊಡಬಹುದೇ ಎಂದು ನಿರ್ಧರಿಸಲು ರಕ್ತದಲ್ಲಿ ಎಸ್ಟ್ರಡಯೋಲ್, ಎಫ್‌ಎಸ್‌ಎಚ್ ಎಂಬ ಹಾರ್ಮೋನ್‌ಗಳನ್ನು ನೋಡುತ್ತಾರೆ. ಬಯೋಟಿನ್ ಎಸ್ಟ್ರಡಯೋಲನ್ನು ಏರಿಸಿ, ಎಫ್‌ಎಸ್‌ಎಚ್ ಅನ್ನು ಇಳಿಸಿ ತೋರಿಸಿದರೆ ಅಂಡಾಶಯ ಇನ್ನೂ ಕೆಲಸ ಮಾಡುತ್ತಿದೆ ಎಂಬ ತಪ್ಪು ತೀರ್ಮಾನಕ್ಕೆ ಬರಬೇಕಾಗುತ್ತದೆ. ಕ್ಯಾನ್ಸರಿನ ಸುಳಿವು ಕೊಡುವ ಸಿಎ 15-3ರಂತಹ ರಕ್ತದ ಗುರುತುಗಳೂ ಹೀಗೆ ತಪ್ಪಬಹುದು. ಹೃದಯಾಘಾತ ಪತ್ತೆಯ ಟ್ರೋಪೊನಿನ್ ಸುಳ್ಳಾಗಿ ಕಡಿಮೆ ಬಂದು ರೋಗಿಯೊಬ್ಬರು ಸತ್ತ ವರದಿಯ ಹಿನ್ನೆಲೆಯಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ರಕ್ತ ಕೊಡುವ ಮೂರು ದಿನ ಮೊದಲು ನಿಲ್ಲಿಸುವುದು, ಪ್ರಯೋಗಾಲಯದವರಿಗೂ ಹೇಳುವುದು ಕ್ಷೇಮ. ಅಷ್ಟಕ್ಕೂ ಕೀಮೋದಿಂದ ಉದುರುವ ಕೂದಲನ್ನು ಬಯೋಟಿನ್ ತಡೆದದ್ದಕ್ಕೆ ಪುರಾವೆಯಿಲ್ಲ.

ರುಚಿ ಕೆಟ್ಟಿತೆಂದು ಸತುವಿನ ಮಾತ್ರೆ ತಿಂಗಳುಗಟ್ಟಲೆ ನುಂಗುವವರಿಗೆ ಒಂದು ಮಾತು: ದಿನಕ್ಕೆ 40 ಮಿಲಿಗ್ರಾಂ ದಾಟಿ ಬಹುಕಾಲ ಹೋದರೆ ತಾಮ್ರದ ಕೊರತೆಯಾಗಿ ಬಿಳಿ ರಕ್ತಕಣವೂ ಹಿಮೋಗ್ಲೋಬಿನ್ನೂ ಇಳಿಯುತ್ತವೆ. ನೋಡಿದವರು ಕೀಮೋವನ್ನೇ ದೂರುತ್ತಾರೆ. ಬಿಳಿ ರಕ್ತಕಣ ತೀರಾ ಇಳಿದಾಗ ಜೀವಂತ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಕ್ಯಾಪ್ಸೂಲೂ ಬೇಡ, ಅವು ರಕ್ತಕ್ಕೆ ಸೇರಿ ಸೋಂಕಾದ ಉದಾಹರಣೆಗಳಿವೆ.

ಶುಂಠಿಯ ಪರವಾಗಿ ಮಾತ್ರ ಒಳ್ಳೆಯ ಮಾತು ಹೇಳಬಹುದು. 576 ರೋಗಿಗಳ ಪ್ರಯೋಗವೊಂದರಲ್ಲಿ ಕೀಮೋಗೆ ಮೂರು ದಿನ ಮೊದಲಿನಿಂದ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಕೊಟ್ಟಾಗ ಮೊದಲ ದಿನದ ವಾಕರಿಕೆ ತಗ್ಗಿತು. ವಾಂತಿ ತಡೆಯುವ ಮಾತ್ರೆಯ ಜೊತೆಗೆ, ಅದರ ಬದಲಿಗಲ್ಲ. ಹೆಚ್ಚು ಕೊಟ್ಟವರಿಗೆ ಹೆಚ್ಚು ಲಾಭವೂ ಆಗಲಿಲ್ಲ. ಮೀನೆಣ್ಣೆಯದು ಇನ್ನೊಂದು ಪಾಠ. ಅರೊಮಟೇಸ್ ತಡೆ ಮಾತ್ರೆಗಳಿಂದ ಕೀಲುನೋವು ಬಂದ 249 ಮಹಿಳೆಯರಲ್ಲಿ ಅರ್ಧ ಜನರಿಗೆ 3.3 ಗ್ರಾಂ ಒಮೆಗಾ-3, ಉಳಿದವರಿಗೆ ಹುಸಿಮಾತ್ರೆ ಕೊಟ್ಟು 24 ವಾರ ನೋಡಿದರು. ಎರಡೂ ಗುಂಪಿನಲ್ಲಿ ನೋವು ಗಣನೀಯವಾಗಿ ಇಳಿಯಿತು, ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 'ನನಗೆ ಗುಣವಾಯಿತು' ಎಂಬ ಮಾತು ನಿಜವಾಗಿದ್ದೂ ಆ ಗುಣ ಮಾತ್ರೆಯದ್ದಲ್ಲದಿರಬಹುದು.

ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲು ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿಯ ಕ್ಯಾಪ್ಸೂಲ್, ಗಿಂಕ್ಗೊ, ಜಿನ್‌ಸೆಂಗ್ ನಿಲ್ಲಿಸುವುದು ರೂಢಿ, ರಕ್ತಸ್ರಾವದ ಭಯಕ್ಕೆ. ಅರಿವಳಿಕೆ ಕೊಡುವವರಿಗೆ ಈ ಪಟ್ಟಿ ಬೇರೆಯಾಗಿ ಹೇಳಬೇಕು, ಕ್ಯಾನ್ಸರ್ ವೈದ್ಯರಿಗೆ ಹೇಳಿದ್ದು ಅವರಿಗೆ ತಲುಪಿರುವುದಿಲ್ಲ. ರಕ್ತನಾಳದ ಮೂಲಕ ದೊಡ್ಡ ಪ್ರಮಾಣದ ವಿಟಮಿನ್ ಸಿ ಏರಿಸಿಕೊಳ್ಳುವವರು ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸಬೇಕು, ಆ ಕಿಣ್ವ ಕಡಿಮೆ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆದುಹೋಗುತ್ತವೆ. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಕೂಡ ಆ ದಿನಗಳಲ್ಲಿ ಸುಳ್ಳು ಹೆಚ್ಚಳ ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ ಸಕ್ಕರೆ ಕುಸಿಯುತ್ತದೆ.

ಪಟ್ಟಿ ಮಾಡುವುದು ಕಷ್ಟವಲ್ಲ. ಒಂದು ಹಾಳೆಯಲ್ಲಿ ಪ್ರತಿ ಡಬ್ಬಿಯ ಹೆಸರು, ಒಂದು ಮಾತ್ರೆಯಲ್ಲಿ ಪ್ರತಿ ಅಂಶ ಎಷ್ಟು, ದಿನಕ್ಕೆ ಎಷ್ಟು ಸಲ, ಯಾವಾಗಿನಿಂದ, ಯಾರು ಹೇಳಿದ್ದು ಎಂದು ಬರೆದು, ಡಿ, ಬಿ6, ಫೋಲಿಕ್ ಆಮ್ಲ, ಸತು, ಕ್ಯಾಲ್ಸಿಯಂಗಳ ಮೊತ್ತವನ್ನು ಕೆಳಗೆ ಕೂಡಬೇಕು. ಅಂಶಗಳ ಪ್ರಮಾಣವನ್ನೇ ಬರೆಯದೆ 'ವಿಶೇಷ ಮಿಶ್ರಣ' ಎಂದಷ್ಟೇ ಹೇಳುವ ಡಬ್ಬಿಯನ್ನು ಕೂಡಲಾಗದು, ಆದ್ದರಿಂದ ಅದನ್ನು ನುಂಗಲೂಬಾರದು. ಚಿಕಿತ್ಸೆಯ ಹಂತ ಬದಲಾದಾಗಲೆಲ್ಲ, ಅಂದರೆ ಕೀಮೋ ಮುಗಿದು ರೇಡಿಯೇಶನ್, ರೇಡಿಯೇಶನ್ ಮುಗಿದು ಹಾರ್ಮೋನ್ ಮಾತ್ರೆ ಶುರುವಾಗುವಾಗ, ಪಟ್ಟಿಯನ್ನು ಮತ್ತೆ ತೋರಿಸಬೇಕು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಗುಳ್ಳೆಯಿಲ್ಲದೆ ಮೈ ತುರಿಸಿದರೆ, ತಾವಾಗಿ ಕೊಂಡು ನುಂಗುತ್ತಿರುವ ಪೂರಕಗಳನ್ನೆಲ್ಲ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಡಬ್ಬಿಗಳನ್ನೂ ಕೊಂಡೊಯ್ಯಬೇಕು, ಕಳೆದ ತಿಂಗಳು ಖಾಲಿಯಾದದ್ದನ್ನೂ.